14ನೇ ತರಗತಿ ಇರುವ ಪ್ರೌಢಶಾಲೆ: ಕಂಪನಿಯ ಪಾಲೆಷ್ಟು, ಸರಕಾರದ ಪಾಲೆಷ್ಟು?

ನ್ಯೂಯಾರ್ಕ್ ಮಹಾನಗರದ ಬ್ರೂಕ್ಲಿನ್‌ನಲ್ಲಿ 9ನೇ ತರಗತಿಯಿಂದ 14ನೇ ತರಗತಿಯವರೆಗೆ ಓದಿಸುವ ಪ್ರೌಢಶಾಲೆಯೊಂದಿದೆ. ಅಮೆರಿಕದಲ್ಲಿ ಪ್ರೌಢಶಾಲೆ 12ನೇ ತರಗತಿಗೆ ಮುಗಿಯುತ್ತದೆ. ಇಲ್ಲಿ ಹೆಚ್ಚುವರಿಯಾಗಿರುವ ಎರಡು ವರ್ಷಗಳು ಕಾಲೇಜಿಗೆ ಸೇರಿದವು. ಆರು ವರ್ಷಗಳ ಕೊನೆಗೆ ವಿದ್ಯಾರ್ಥಿಯ ಕೈಗೆ ಪ್ರೌಢಶಾಲೆಯ ಪ್ರಮಾಣಪತ್ರದ ಜತೆಗೆ 'ಅಸೋಸಿಯೇಟ್' ಪದವಿಯೂ ಬರುತ್ತದೆ. ಅದು ಎರಡು ವರ್ಷಗಳ ಕಾಲೇಜು ಪದವಿ. ನಮ್ಮ ಡಿಪ್ಲೊಮಾಕ್ಕೆ ಹತ್ತಿರವಾದುದು. ಇದಕ್ಕಾಗಿ ಪೋಷಕರು ಶುಲ್ಕ ಕಟ್ಟಬೇಕಿಲ್ಲ.

ಸಂಕ್ಷಿಪ್ತವಾಗಿ 'ಪಿ-ಟೆಕ್' ಎನಿಸಿಕೊಂಡ ಈ ಶಾಲೆ 2011ರಲ್ಲಿ ಆರಂಭವಾಯಿತು. ನಗರದ ಶಿಕ್ಷಣ ಇಲಾಖೆ, ನಗರ ವಿಶ್ವವಿದ್ಯಾಲಯಕ್ಕೆ ಸೇರಿದ ಸಿಟಿ ಟೆಕ್ ಕಾಲೇಜು ಹಾಗೂ ಬೆಂಗಳೂರಿಗರಿಗೆ ಚಿರಪರಿಚಿತವಾದ ಐಬಿಎಂ ಕಂಪನಿ ಇದರ ಮೂವರು ಪಾಲುದಾರರು. ಇದೊಂದು 'ಪಬ್ಲಿಕ್ ಸ್ಕೂಲ್'. ನಮ್ಮಲ್ಲಿ ಈ ಹೆಸರಿಟ್ಟುಕೊಂಡ ಶಾಲೆಗಳು ದುಬಾರಿ ಶುಲ್ಕಕ್ಕೆ ಹೆಸರಾಗಿದ್ದರೆ, ಅಲ್ಲಿ ಅದರ ಅರ್ಥ ತೆರಿಗೆಯ ಹಣದಿಂದ ನಡೆಯುವ ಶಾಲೆ ಎಂದಷ್ಟೇ. ಕ್ರೌನ್ ಹೈಟ್ಸ್ ಬಡಾವಣೆಯಲ್ಲಿ ಮುಚ್ಚುವ ಹಂತದಲ್ಲಿದ್ದ ಪಾಲ್ ರೋಬ್ಸನ್ ಪ್ರೌಢಶಾಲೆಯ ಕಟ್ಟಡದಲ್ಲಿಯೇ ಇದು ತಲೆಯೆತ್ತಿತು. ಪ್ರವೇಶ ಪರೀಕ್ಷೆ ಇಡಲಿಲ್ಲ. ಲಾಟರಿ ಎತ್ತಿ ಮಕ್ಕಳನ್ನು ಸೇರಿಸಿಕೊಳ್ಳಲಾಯಿತು. ಅವರಲ್ಲಿ ಬಹುಪಾಲು ಮಂದಿ ಕಪ್ಪು ವರ್ಣೀಯ ಹಾಗೂ ಲ್ಯಾಟಿನೋ ಕುಟುಂಬಗಳವರು. ಕಾಲೇಜಿನ ಮೆಟ್ಟಿಲನ್ನೇ ಹತ್ತದವರ ಮನೆಗಳಿಂದ ಬಂದವರೂ ಬಹಳಷ್ಟಿದ್ದರು.

ದಾನವಲ್ಲ, ಹೊಣೆ

ಕಂಪನಿಗಳು ಶಾಲೆಗೆ ನೆರವಾಗುವುದೆಂದರೆ ನಾಲ್ಕು ಕಂಪ್ಯೂಟರ್ ಕೊಟ್ಟು, ಗೋಡೆಯ ಮೇಲೆ ಹೆಸರಿನ ಫಲಕ ಹಾಕಿಸಿಕೊಳ್ಳುವುದು ಎಂಬ ಕಲ್ಪನೆ ಎಲ್ಲೆಡೆಯೂ ಇದೆ. ಪಿ-ಟೆಕ್‌ನ ಒಪ್ಪಂದ ಬೇರೆ ಬಗೆಯದು. ಶಿಕ್ಷಕರ ಸಂಬಳ, ಕಾಲೇಜು ಪಾಠದ ವೆಚ್ಚ ಇವೆಲ್ಲ ಸಾರ್ವಜನಿಕ ಬೊಕ್ಕಸದ್ದೇ. ಕಂಪನಿ ಕೊಡಬೇಕಾದುದು ತನ್ನ ಸಿಬ್ಬಂದಿಯ ಸಮಯವನ್ನು.

ಹೊಸಬರನ್ನು ಕೆಲಸಕ್ಕೆ ತೆಗೆದುಕೊಳ್ಳುವಾಗ ಅವರಿಗೆ ಏನೇನು ತಿಳಿದಿರಬೇಕು ಎಂಬ ಪಟ್ಟಿಯನ್ನು ಮೊದಲು ಕಂಪನಿಯವರು ಸಿದ್ಧಪಡಿಸುತ್ತಾರೆ. ಆ ಪಟ್ಟಿಯಿಂದ ಹಿಂದಕ್ಕೆ ಬರುತ್ತಾ 14ನೇ ತರಗತಿಗೆ ಏನು, 9ನೇ ತರಗತಿಗೆ ಏನು ಎಂದು ಶಾಲೆ, ಕಾಲೇಜಿನ ಅಧ್ಯಾಪಕರು ಪಾಠಗಳನ್ನು ಜೋಡಿಸುತ್ತಾರೆ. ಪ್ರತಿ ವಿದ್ಯಾರ್ಥಿಗೂ ಕಂಪನಿಯ ಉದ್ಯೋಗಿಯೊಬ್ಬರು ಮಾರ್ಗದರ್ಶಕರು. ಕಂಪನಿಯ ಪ್ರತಿನಿಧಿಯೊಬ್ಬರು ಶಾಲೆಯಲ್ಲೇ ಪೂರ್ಣಾವಧಿ ಕೆಲಸ ಮಾಡುತ್ತಾರೆ. ಮೇಲಿನ ತರಗತಿಗಳಿಗೆ ಬಂದ ಮೇಲೆ ಸಂಬಳ ಸಹಿತ ಇಂಟರ್ನ್‌ಶಿಪ್ ಉಂಟು. ಓದು ಮುಗಿಸಿದವರಿಗೆ ನೇಮಕಾತಿಯಲ್ಲಿ ಮೊದಲ ಅವಕಾಶ ಎಂಬ ಭರವಸೆಯೂ ಇದೆ. ಇದನ್ನು ಕೆಲಸದ ಖಾತರಿ ಎಂದು ತಿಳಿಯಬಾರದು. ಸಾಲಿನಲ್ಲಿ ಮುಂದೆ ನಿಲ್ಲಿಸುವ ಮಾತು ಇದೆಯೇ ಹೊರತು ಕುರ್ಚಿ ಕೊಡುವ ಮಾತಿಲ್ಲ.

2013ರಲ್ಲಿ ಅಂದಿನ ಅಧ್ಯಕ್ಷ ಬರಾಕ್ ಒಬಾಮಾ ಸಂಸತ್ತಿನೆದುರು ಮಾಡಿದ ವಾರ್ಷಿಕ ಭಾಷಣದಲ್ಲಿ ಈ ಶಾಲೆಯನ್ನು ಹೆಸರಿಸಿದರು. ಅಕ್ಟೋಬರ್‌ನಲ್ಲಿ ಸ್ವತಃ ಭೇಟಿ ಕೊಟ್ಟರು. 2015ರಲ್ಲಿ ಆರು ಮಂದಿ, ಆರು ವರ್ಷಗಳ ಓದನ್ನು ನಾಲ್ಕೇ ವರ್ಷಗಳಲ್ಲಿ ಪೂರೈಸಿ ಪದವಿ ಪಡೆದರು.

ಆದರೆ ಎಲ್ಲರ ನಡಿಗೆಯೂ ಅಷ್ಟು ವೇಗದ್ದಾಗಿರಲಿಲ್ಲ. ಹದಿಹರೆಯದಲ್ಲೇ ಕಾಲೇಜು ಪಾಠಕ್ಕೆ ಕೂತ ಕೆಲವರು ನಪಾಸಾದರು. ಇಂಥ ಅಂಕ ಶಾಲೆಯ ಕಿರುಪರೀಕ್ಷೆಯ ಅಂಕದಂತೆ ಮರೆತುಹೋಗುವಂಥದಲ್ಲ. ಕಾಲೇಜಿನ ಅಂಕಪಟ್ಟಿಯಲ್ಲಿ ಉಳಿದುಬಿಡುತ್ತದೆ. ಮುಂದೆ ಬೇರೆಡೆ ಪ್ರವೇಶ ಕೇಳುವಾಗ ಅಡ್ಡಬರುತ್ತದೆ. ಮಕ್ಕಳನ್ನು ಬೇಗ ಮೇಲಕ್ಕೇರಿಸುವ ಉತ್ಸಾಹಕ್ಕೆ ಬೆಲೆ ತೆರುವವರು ಮಕ್ಕಳೇ ಎಂಬುದನ್ನು ಪ್ರಶಂಸೆಯ ಭರದಲ್ಲಿ ಹಲವರು ಗಮನಿಸಲಿಲ್ಲ. ಆದರೂ ಲಾಟರಿಯಲ್ಲಿ ಗೆದ್ದವರನ್ನೂ ಸೋತವರನ್ನೂ ಹೋಲಿಸಿ ನೋಡಿದ ಎಂಡಿಆರ್‌ಸಿ ಸಂಶೋಧನಾ ಸಂಸ್ಥೆಗೆ, ನಗರದ ಪಿ-ಟೆಕ್ ಶಾಲೆಗಳ ಮಕ್ಕಳು ಪ್ರೌಢಶಾಲೆಯಲ್ಲಿದ್ದಾಗಲೇ ಕಾಲೇಜು ಪಾಠಗಳಿಗೆ ಹೆಚ್ಚಿನ ಪ್ರಮಾಣದಲ್ಲಿ ಸೇರಿದ್ದು ಕಂಡುಬಂತು.

ಊರಿನ ಸಣ್ಣ ಉದ್ದಿಮೆಗಳು

ಐಬಿಎಂನಂಥ ದೈತ್ಯ ಕಂಪನಿ ಎಲ್ಲ ಊರಿನಲ್ಲೂ ಇರುವುದಿಲ್ಲ. ಈ ಮಾದರಿಗೆ ನಿಜವಾದ ಪರೀಕ್ಷೆ ಎದುರಾದುದು ಸಣ್ಣ ಪಟ್ಟಣಗಳಲ್ಲಿ. 2013ರಲ್ಲಿ ನ್ಯೂಯಾರ್ಕ್ ರಾಜ್ಯ ಸರಕಾರ ವಿವಿಧ ಪ್ರದೇಶಗಳಲ್ಲಿ ಇಂಥ 16 ಶಾಲೆಗಳನ್ನು ಆರಿಸಿತು. ಅವುಗಳಲ್ಲೊಂದು 2014ರಲ್ಲಿ ಜಾನ್ಸ್‌ಟೌನ್‌ನಲ್ಲಿ ಆರಂಭವಾಯಿತು. ಈ ಊರೂ ನೆರೆಯ ಗ್ಲವರ್ಸ್‌ವಿಲ್ ಕೂಡ ಒಂದು ಕಾಲಕ್ಕೆ ಅಮೆರಿಕದ ಕೈಗವಸು ಉದ್ಯಮದ ತವರು. ಆ ಉದ್ಯಮ ಕುಸಿದ ಮೇಲೆ ಮಕ್ಕಳನ್ನು ಯಾವ ಕೆಲಸಕ್ಕೆ ಅಣಿಗೊಳಿಸಬೇಕು ಎಂಬುದೇ ಅಲ್ಲಿ ಪ್ರಶ್ನೆಯಾಯಿತು.

ಇಂಥ ಕಡೆ ಹೊಣೆಯನ್ನು ಹಂಚಿಕೊಳ್ಳದೆ ಗತ್ಯಂತರವಿಲ್ಲ. ಒಂದು ಕಾರ್ಖಾನೆ ಯಂತ್ರಗಳನ್ನು ತೋರಿಸಲು ಬಾಗಿಲು ತೆರೆದರೆ, ಒಂದು ಆಸ್ಪತ್ರೆ ಇಬ್ಬರನ್ನು ಬೇಸಗೆಯ ತರಬೇತಿಗೆ ತೆಗೆದುಕೊಳ್ಳಬಹುದು. ಇವರೆಲ್ಲರ ನಡುವೆ ಓಡಾಡಿ ದಿನಾಂಕ ಗೊತ್ತುಮಾಡುವ ಒಬ್ಬ ಸಂಯೋಜಕನಿಲ್ಲದಿದ್ದರೆ ಒಪ್ಪಂದ ಕಾಗದದಲ್ಲೇ ಉಳಿಯುತ್ತದೆ. ಹತ್ತು ಜನ ಕೆಲಸಗಾರರಿರುವ ವರ್ಕ್‌ಶಾಪ್‌ಗೆ ಒಬ್ಬರನ್ನು ಅರ್ಧ ದಿನ ಶಾಲೆಗೆ ಕಳುಹಿಸುವುದೂ ನಷ್ಟವೇ ಎಂಬುದನ್ನು ಮರೆಯುವಂತಿಲ್ಲ.

ಇನ್ನೊಂದು ತೊಡಕು ಕಾಲಾವಧಿಯದು. 9ನೇ ತರಗತಿಗೆ ಸೇರಿದ ಮಗುವಿಗೆ ಕೊಟ್ಟ ಮಾತನ್ನು ಆರು ವರ್ಷ ಉಳಿಸಿಕೊಳ್ಳಬೇಕು. ವ್ಯಾಪಾರ ಜಗತ್ತು ಅಷ್ಟು ಕಾಲ ಒಂದೇ ಕಡೆ ನಿಲ್ಲುವುದಿಲ್ಲ. ಐಬಿಎಂ ಕೂಡ 2021ರ ನವೆಂಬರ್‌ನಲ್ಲಿ ತನ್ನ ಮೂಲಸೌಕರ್ಯ ಸೇವೆಗಳ ವಿಭಾಗವನ್ನು ಕಿಂಡ್ರಿಲ್ ಎಂಬ ಪ್ರತ್ಯೇಕ ಕಂಪನಿಯಾಗಿ ಬೇರ್ಪಡಿಸಿತು. 2016ರಲ್ಲಿ 9ನೇ ತರಗತಿಗೆ ಸೇರಿದವರು ಆಗಿನ್ನೂ ಕೊನೆಯ ವರ್ಷದಲ್ಲಿದ್ದರು.

ಒಂದು ಕಂಪನಿಗೆ ಬೇಕಾದಷ್ಟನ್ನೇ ಕಲಿಸಿದರೆ ಅದು ವಿದ್ಯೆಯೋ ತರಬೇತಿಯೋ ಎಂಬ ಆಕ್ಷೇಪಕ್ಕೂ ಇಲ್ಲಿಯೇ ತೂಕ ಬರುವುದು. ಬ್ರೂಕ್ಲಿನ್ ಶಾಲೆಯಲ್ಲಿ ಇದಕ್ಕೊಂದು ತಡೆಯಿದೆ. ಅಲ್ಲಿನ ವಿದ್ಯಾರ್ಥಿ ಕಂಪ್ಯೂಟರ್ ಮಾಹಿತಿ ವ್ಯವಸ್ಥೆಯನ್ನೋ ಎಲೆಕ್ಟ್ರೋ-ಮೆಕ್ಯಾನಿಕಲ್ ಎಂಜಿನಿಯರಿಂಗ್ ತಂತ್ರಜ್ಞಾನವನ್ನೋ ಓದುತ್ತಾನೆ. ಪದವಿ ಕೊಡುವುದು ಸಿಟಿ ಟೆಕ್ ಕಾಲೇಜು. ಅದನ್ನು ಹಿಡಿದು ಆತ ಐಬಿಎಂನ ಎದುರಾಳಿ ಕಂಪನಿಗೂ ಅರ್ಜಿ ಹಾಕಬಹುದು, ನಾಲ್ಕು ವರ್ಷಗಳ ಪದವಿಗೂ ಮುಂದುವರಿಯಬಹುದು.