ಅಂಕೋಲೆಯ ಕರಿ ಇಶಾಡ್: ಪೇಟೆಗೆ ಬಾರದ ಮಾವಿಗೆ ಊರಲ್ಲೇ ಮೇಳ

ಮುಂಬೈ, ಪುಣೆಯ ಕನ್ನಡಿಗರಿಗೆ ಮೇ ತಿಂಗಳು ಬಂತೆಂದರೆ ದೇವಗಡ, ರತ್ನಾಗಿರಿಯ ಹಾಪೂಸ್ ಪೆಟ್ಟಿಗೆಗಳದ್ದೇ ಮಾತು. ಅದೇ ಕರಾವಳಿಯಲ್ಲಿ ಇನ್ನಷ್ಟು ದಕ್ಷಿಣಕ್ಕೆ ಬಂದು, ಕಾರವಾರ ದಾಟಿದರೆ ಅಂಕೋಲಾ. ಉಪ್ಪಿನ ಸತ್ಯಾಗ್ರಹಕ್ಕೆ ಹೆಸರಾದ ಈ ಸಣ್ಣ ಊರಿನಲ್ಲಿ ಕರಿ ಇಶಾಡ್ ಎಂಬ ಮಾವು ಬೆಳೆಯುತ್ತದೆ. ತಿಂದವರು ಹಾಪೂಸಿಗೆ ಇದೇನೂ ಕಡಿಮೆಯಲ್ಲ ಎನ್ನುತ್ತಾರೆ. ನನ್ನ ಮಟ್ಟಿಗೆ ಹೇಳುವುದಾದರೆ, ಪರಿಮಳದಲ್ಲಿ ಒಂದು ಕೈ ಮೇಲೆಯೇ. ಆದರೂ ವಾಶಿ ಮಾರುಕಟ್ಟೆಯಲ್ಲಿ ಇದನ್ನು ಹುಡುಕಿದರೆ ಸಿಗುವುದು ಕಷ್ಟ.

ಕಾರಣ ಹಣ್ಣಿನ ಸಿಪ್ಪೆಯಲ್ಲಿದೆ. ಕರಿ ಇಶಾಡಿನ ಸಿಪ್ಪೆ ತೀರಾ ತೆಳು, ಒಳಗೆ ತಿರುಳು ಜಾಸ್ತಿ, ರಸವೂ ಜಾಸ್ತಿ. ತಿನ್ನುವವರಿಗೆ ಇದಕ್ಕಿಂತ ಬೇರೇನು ಬೇಕು? ಆದರೆ ಲಾರಿಗೆ ಹೇರಿ ಕಳಿಸುವವರಿಗೆ ಇದೇ ತಲೆನೋವು. ದಾರಿಯ ಕುಲುಕಾಟ, ಡಬ್ಬದೊಳಗಿನ ಸೆಕೆ ಎರಡನ್ನೂ ಇದು ತಡೆಯುವುದಿಲ್ಲ. ಮಾಗಿದ ಮೇಲೆ ಹೆಚ್ಚು ದಿನ ಉಳಿಯುವುದೂ ಇಲ್ಲ. ಹಾಗಾಗಿಯೇ ಒಂದು ಕಾಲಕ್ಕೆ ಇದರ ರಸವನ್ನು ಡಬ್ಬಿಯಲ್ಲಿ ತುಂಬಿ ಹೊರಗೆ ಕಳಿಸುವ ಉದ್ಯಮ ಇಲ್ಲಿತ್ತು. ಹಣ್ಣಾಗಿ ಹೋಗಲಾಗದ್ದು ರಸವಾಗಿ ಹೋಗುತ್ತಿತ್ತು.

ದೂರದ ಪೇಟೆ ಇಲ್ಲದಿದ್ದರೆ ಬೆಳೆಗಾರನಿಗೆ ಉಳಿಯುವುದು ಎರಡೇ ದಾರಿ: ಮರದ ಮೇಲಿರುವಾಗಲೇ ಫಸಲನ್ನು ಗುತ್ತಿಗೆಗೆ ಕೊಡುವುದು, ಇಲ್ಲವೇ ಊರಲ್ಲೇ ಮಾರುವುದು. ಗುತ್ತಿಗೆಯಲ್ಲಿ ಹಣ ಮೊದಲೇ ಕೈಗೆ ಬರುತ್ತದೆ. ಆದರೆ ಗಿರಾಕಿ ಎಷ್ಟು ಕೊಟ್ಟು ಒಯ್ದ ಎಂಬುದು ತೋಟದವನಿಗೆ ತಿಳಿಯುವುದಿಲ್ಲ. ಮಾವು ಒಂದು ವರ್ಷ ತುಂಬಿ ಬಿಟ್ಟರೆ ಮರುವರ್ಷ ಕೈಕೊಡುವ ಬೆಳೆ ಬೇರೆ. ದೂರಕ್ಕೆ ತಾಳುವ ತಳಿಯತ್ತ ಹೊಸಬರ ಮನಸ್ಸು ಹೋದರೆ ತಪ್ಪೆನ್ನಲು ಬರುವುದಿಲ್ಲ. ಇಶಾಡಿನ ಹಳೆಯ ಮರಗಳು ಉಳಿಯುವುದು ಅವುಗಳ ಹಣ್ಣಿಗೆ ಸರಿಯಾದ ಬೆಲೆ ಬಂದರೆ ಮಾತ್ರ.

ಬೆಳೆಗಾರರು ಸೇರಿ ಅಂಕೋಲೆಯಲ್ಲಿ ನಡೆಸುವ ಮಾವು ಮೇಳದ ಮಹತ್ವ ಇರುವುದು ಇಲ್ಲೇ. ಹಣ್ಣು ಪೇಟೆಗೆ ಹೋಗದಿದ್ದರೆ ಗಿರಾಕಿಯೇ ಹಣ್ಣಿನ ಬಳಿ ಬರಲಿ ಎಂಬುದು ಲೆಕ್ಕ. ಅಬ್ಬರದ ಜಾತ್ರೆಯನ್ನು ನಿರೀಕ್ಷಿಸಬೇಡಿ. ಬುಟ್ಟಿ, ಪೆಟ್ಟಿಗೆಗಳಲ್ಲಿ ಹುಲ್ಲು ಹಾಸಿ ಜೋಡಿಸಿದ ಹಣ್ಣು, ಅದರ ಹಿಂದೆ ಅದನ್ನು ಬೆಳೆದವರು. ಮೇಳ ಮುಗಿದಿದ್ದರೂ ಬೇಸರವಿಲ್ಲ. ಹಂಗಾಮಿನಲ್ಲಿ ಹೆದ್ದಾರಿಯ ಬದಿಯಲ್ಲಿ, ಪೇಟೆಯಲ್ಲಿ ಹಾಲಕ್ಕಿ ಒಕ್ಕಲಿಗ ಹೆಂಗಸರು ಬುಟ್ಟಿ ಇಟ್ಟುಕೊಂಡು ಕೂತಿರುತ್ತಾರೆ. ಕೊರಳ ತುಂಬ ಮಣಿಸರ ಇವರ ಗುರುತು. ಪದ್ಮಶ್ರೀ ಪಡೆದ ತುಳಸಿ ಗೌಡ, ಸುಕ್ರಿ ಬೊಮ್ಮಗೌಡ ಇಬ್ಬರೂ ಅಂಕೋಲಾ ತಾಲೂಕಿನ ಇದೇ ಸಮುದಾಯದವರು. ಇಲ್ಲಿ ವ್ಯಾಪಾರ ಡಜನ್ ಲೆಕ್ಕದಲ್ಲಿ, ಚೌಕಾಸಿ ಇದ್ದದ್ದೇ. ಆದರೆ ಬಿಸಿಲಲ್ಲಿ ಬುಟ್ಟಿ ಹೊತ್ತು ತಂದವರ ಹತ್ತಿರ ಐದು ರೂಪಾಯಿಗೆ ಜಗ್ಗಾಡುವುದು ಬೇಡ.

ಕರಿಯೋ, ಬಿಳಿಯೋ?

ಇಶಾಡಿನಲ್ಲಿ ಎರಡು ಬಗೆ. ಕರಿ ಇಶಾಡ್ ತೆಳು ಸಿಪ್ಪೆಯದು, ಹೆಚ್ಚು ಸಿಹಿ. ಬಿಳಿ ಇಶಾಡಿನ ಸಿಪ್ಪೆ ದಪ್ಪ, ತಿರುಳೂ ಸಿಹಿಯೂ ಅದಕ್ಕಿಂತ ಕಡಿಮೆ. ಹೊರಗಿನವರಿಗೆ ನೋಡಿದ ಕೂಡಲೇ ವ್ಯತ್ಯಾಸ ತಿಳಿಯದು. ಕೇಳಿ ಕೊಳ್ಳಿ, ಸಾಧ್ಯವಾದರೆ ಒಂದನ್ನು ಕೊಯ್ದು ರುಚಿ ನೋಡಿಯೇ ಡಜನ್ ಲೆಕ್ಕಕ್ಕೆ ಇಳಿಯಿರಿ.

ಕರಿ ಇಶಾಡಿಗೆ 2023ರಲ್ಲಿ ಭೌಗೋಳಿಕ ಸೂಚ್ಯಂಕ, ಅಂದರೆ ಜಿಐ ಟ್ಯಾಗ್ ಸಿಕ್ಕಿದೆ. ರತ್ನಾಗಿರಿ, ಸಿಂಧುದುರ್ಗ ಮೊದಲಾದ ಕಡೆಯ ಹಾಪೂಸಿಗೆ ಇದು 2018ರಲ್ಲೇ ಬಂದಿತ್ತು. ಗೊತ್ತುಪಡಿಸಿದ ಪ್ರದೇಶದಲ್ಲಿ ಬೆಳೆದದ್ದನ್ನು ಬಿಟ್ಟು ಬೇರೆ ಹಣ್ಣನ್ನು ಆ ಹೆಸರಿನಲ್ಲಿ ಮಾರುವಂತಿಲ್ಲ ಎಂಬುದು ಇದರ ಅರ್ಥ. ನೋಂದಣಿ 10 ವರ್ಷಕ್ಕೆ, ಆಮೇಲೆ ನವೀಕರಿಸಬೇಕು. ಆದರೆ ಟ್ಯಾಗ್ ಬಂದ ಮಾತ್ರಕ್ಕೆ ಸಿಪ್ಪೆ ದಪ್ಪವಾಗುವುದಿಲ್ಲವಲ್ಲ! ಹೆಸರು ದೂರಕ್ಕೆ ಹೋಯಿತು, ಹಣ್ಣು ಊರಲ್ಲೇ ಉಳಿಯಿತು.

ಹಣ್ಣು ಮಾಗಿಸುವುದರ ಬಗ್ಗೆಯೂ ಕೇಳಿ ನೋಡಿ. ಹುಲ್ಲಿನಲ್ಲಿಟ್ಟು ಮಾಗಿಸುವುದು ಹಳೆಯ ಕ್ರಮ, ನಾಲ್ಕಾರು ದಿನ ಹಿಡಿಯುತ್ತದೆ. ಕ್ಯಾಲ್ಸಿಯಂ ಕಾರ್ಬೈಡ್ ಹಾಕಿ ಮಾಗಿಸುವುದು ದೇಶದಲ್ಲಿ ನಿಷಿದ್ಧ. ತೊಟ್ಟು ಸಮೇತ ಕೊಯ್ದ ಕಾಯಿ ಒಳ್ಳೆಯದು. ತೊಟ್ಟು ಮುರಿದರೆ ಸೊನೆ ಇಳಿದು ಸಿಪ್ಪೆ ಸುಟ್ಟಂತಾಗುತ್ತದೆ.

ಹೋಗುವುದಾದರೆ ಮೇ ಮಧ್ಯದಿಂದ ಮಳೆ ಹಿಡಿಯುವುದರೊಳಗೆ ಹೋಗಬೇಕು. ಮುಂಗಾರು ಪೂರ್ವ ಮಳೆ ಬಿದ್ದರೆ ಹಣ್ಣುನೊಣದ ಕಾಟ ಹೆಚ್ಚಿ, ಹೊರಗೆ ಚೆಂದ ಕಾಣುವ ಹಣ್ಣಿನೊಳಗೂ ಹುಳ ಇರುತ್ತದೆ. ಮೇಳದ ದಿನ ವರ್ಷ ವರ್ಷ ಬದಲಾಗುವುದರಿಂದ ಊರಿನ ಪರಿಚಯದವರಿಗೆ ಫೋನ್ ಮಾಡಿ ಹೊರಡಿ. ಮುಂಬೈ ಕಡೆಯವರಿಗೆ ಕೊಂಕಣ ರೈಲ್ವೆ ಇದೆ. ಅಂಕೋಲಾದಲ್ಲಿ ಎಲ್ಲ ರೈಲುಗಳೂ ನಿಲ್ಲುವುದಿಲ್ಲ. ಹಾಗಾದರೆ ಕಾರವಾರದಲ್ಲಿ ಇಳಿದು ಬಸ್ ಹಿಡಿಯಿರಿ. ಹೈದರಾಬಾದ್ ಕಡೆಯಿಂದ ಬರುವವರಿಗೆ ಹುಬ್ಬಳ್ಳಿ, ಯಲ್ಲಾಪುರ, ಅರಬೈಲ್ ಘಟ್ಟದ ದಾರಿ.

ಮನೆಗೆ ಒಯ್ಯುವುದಿದ್ದರೆ ಮಾಗಿದ್ದನ್ನು ಬಿಟ್ಟು ಅರೆಮಾಗಿದ ದೋರೆಗಾಯಿ ಕೊಳ್ಳಿ. ಪ್ಲಾಸ್ಟಿಕ್ ಚೀಲ ಬೇಡ, ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಹುಲ್ಲು ಹಾಕಿ ಒಂದೇ ಪದರ ಇಡಿ. ಪೂರ್ತಿ ಮಾಗಿದ್ದನ್ನು ಅಲ್ಲೇ ತಿಂದುಬಿಡಿ. ಉಳಿದರೆ ಹೋದ ಮನೆಯಲ್ಲಿ ತೆಂಗಿನಹಾಲು, ಬೆಲ್ಲ ಹಾಕಿ ರಸಾಯನ ಮಾಡಿಸಿಕೊಳ್ಳಿ.