ದತ್ತವೋ? ಕ್ರೀತವೋ?

ಮನುಸ್ಮೃತಿಯಲ್ಲಿ ಹನ್ನೆರಡು ಬಗೆಯ ಪುತ್ರರ ಗಣನೆಯಿದೆ. ಹೆತ್ತವರು ಪ್ರೀತಿಪೂರ್ವಕವಾಗಿ ನೀರೆರೆದು ಕೊಟ್ಟವನು ದತ್ತ. ಹೆತ್ತವರೇ ತೊರೆದುಹೋದ ಮೇಲೆ ಮತ್ತೊಬ್ಬರು ಎತ್ತಿಕೊಂಡು ಸಾಕಿದವನು ಅಪವಿದ್ಧ. ಹಣ ತೆತ್ತು ಕೊಂಡವನು ಕ್ರೀತ. ಬಳಿಕ ಬಂದ ಧರ್ಮಶಾಸ್ತ್ರಕಾರರು ಔರಸ ಮತ್ತು ದತ್ತರನ್ನು ಮಾತ್ರ ಉಳಿಸಿಕೊಂಡು, ಉಳಿದವರನ್ನು ಕಲಿಯುಗಕ್ಕೆ ಸಲ್ಲದವರೆಂದು ಕೈಬಿಟ್ಟರು. ಗ್ರಂಥದಿಂದ ಕೈಬಿಟ್ಟ ಮಾತ್ರಕ್ಕೆ ಕ್ರೀತಪುತ್ರನು ಲೋಕದಿಂದ ಮರೆಯಾದನೆಂದು ತಿಳಿಯಬೇಕಾಗಿಲ್ಲ. ಇಂದು ಅವನನ್ನೂ ದತ್ತನೆಂದೇ ಕರೆಯುತ್ತಾರೆ. ಕೊಟ್ಟ ಹಣವನ್ನು ‘ಖರ್ಚು’ ಎನ್ನುತ್ತಾರೆ, ಇಲ್ಲವೆ ‘ದೇಣಿಗೆ’ ಎನ್ನುತ್ತಾರೆ.

ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದು ತಾಲ್ಲೂಕುಗಳಲ್ಲಿ ದತ್ತಕವು ಹೊಸ ಸಂಗತಿಯೇನೂ ಅಲ್ಲ. ಮಕ್ಕಳಿಲ್ಲದ ಅಣ್ಣನಿಗೆ ತಮ್ಮನು ತನ್ನ ಎರಡನೆಯ ಮಗನನ್ನು ಕೊಡುವುದು, ಅಕ್ಕನ ಕೂಸನ್ನು ತಂಗಿಯು ಉಡಿಯಲ್ಲಿ ಹಾಕಿಸಿಕೊಳ್ಳುವುದು ಕರ್ನಾಟಕದ ಉಳಿದೆಡೆಯಂತೆ ಇಲ್ಲಿಯೂ ಹಿಂದಿನಿಂದ ನಡೆದುಬಂದುದೇ. ೧೯೫೬ರ ಹಿಂದೂ ದತ್ತಕ ಮತ್ತು ಜೀವನಾಂಶ ಅಧಿನಿಯಮವು ಈ ಪದ್ಧತಿಯನ್ನು ಬಹುಮಟ್ಟಿಗೆ ಮನ್ನಿಸಿತು. ದತ್ತಹೋಮ ಅವಶ್ಯವಲ್ಲ; ಕೊಡುವವರ ಕೈಯಿಂದ ಕೊಳ್ಳುವವರ ಕೈಗೆ ಮಗು ನಿಜವಾಗಿ ಬರಬೇಕು, ಅಷ್ಟೆ. ಆದರೆ ಅದೇ ಅಧಿನಿಯಮದ ಹದಿನೇಳನೆಯ ಪ್ರಕರಣವು ಈ ಕೊಡುಕೊಳೆಯಲ್ಲಿ ಯಾವ ಪ್ರತಿಫಲವೂ ಸಲ್ಲದೆಂದು ವಿಧಿಸಿ, ತಪ್ಪಿದವರಿಗೆ ಆರು ತಿಂಗಳವರೆಗಿನ ಸೆರೆವಾಸವನ್ನು ಗೊತ್ತುಪಡಿಸಿದೆ.

ಈ ಎಚ್ಚರಿಕೆಗೆ ಕಾರಣವಿತ್ತು. ೧೯೫೩ರವರೆಗೆ ಈ ಸೀಮೆಯೆಲ್ಲ ಮದರಾಸಿನ ಆಡಳಿತಕ್ಕೆ ಸೇರಿತ್ತು. ಹಳೆಯ ಹಿಂದೂ ಕಾನೂನಿನಲ್ಲಿ ದತ್ತಕವೆಂದರೆ ಗಂಡುಮಗುವಿನ ಮಾತು. ಹೆಣ್ಣುಮಗುವನ್ನು ದತ್ತು ಪಡೆಯುತ್ತಿದ್ದವರಲ್ಲಿ ದೇವಾಲಯಗಳಿಗೆ ಬಿಡಲ್ಪಟ್ಟ ಸ್ತ್ರೀಯರು ಮುಖ್ಯರು. ೧೮೮೦ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ಅಂಥ ದತ್ತಕವನ್ನು ನೀತಿಬಾಹಿರವೆಂದು ತಳ್ಳಿಹಾಕಿತು; ಮದರಾಸಿನ ನ್ಯಾಯಾಲಯವೋ ಅದನ್ನು ರೂಢಿಯೆಂದು ಒಪ್ಪಿದ್ದುಂಟು. ಬಡವರ ಮನೆಯ ಹೆಣ್ಣುಕೂಸು ‘ದತ್ತು’ ಎಂಬ ಹೆಸರಿನಲ್ಲಿ ಎಲ್ಲಿಗೆ ಸಾಗುತ್ತಿತ್ತೆಂಬುದನ್ನು ಬಳ್ಳಾರಿ ಸೀಮೆಯ ಬಸವಿ ಪದ್ಧತಿಯನ್ನು ಬಲ್ಲ ವಾಚಕರಿಗೆ ವಿವರಿಸಬೇಕಾಗಿಲ್ಲ.

ಬಂಧುಗಳ ನಡುವಣ ದತ್ತಕದಲ್ಲಿ ಮೂರನೆಯವನಿಲ್ಲ. ಕೊಟ್ಟವರಾರು, ಪಡೆದವರಾರು ಎಂಬುದು ಊರಿಗೆಲ್ಲ ತಿಳಿದ ವಿಷಯ. ತಾಯಿಗೂ ಮಗುವನ್ನು ಪಡೆಯುವವರಿಗೂ ಪರಿಚಯವೇ ಇಲ್ಲದಾಗ ಮಾತ್ರ ನಡುವೆ ಒಂದು ಸಂಸ್ಥೆ ಬೇಕಾಗುತ್ತದೆ. ಸಂಸ್ಥೆಗೆ ಹಾಲಿನ ಖರ್ಚಿದೆ, ಆಯಾಗಳ ಸಂಬಳವಿದೆ, ವೈದ್ಯರ ಬಿಲ್ಲಿದೆ. ಇದನ್ನು ಯಾರೂ ಅಲ್ಲಗಳೆಯುವಂತಿಲ್ಲ. ೧೯೮೪ರಲ್ಲಿ ಲಕ್ಷ್ಮೀಕಾಂತ ಪಾಂಡೆ ಪ್ರಕರಣದಲ್ಲಿ ವಿದೇಶೀಯರಿಗೆ ಮಕ್ಕಳನ್ನು ದತ್ತು ಕೊಡುವ ಪ್ರಶ್ನೆಯನ್ನು ವಿಚಾರಿಸಿದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಭಗವತಿಯವರ ಮುಂದೆ ಇದೇ ತೊಡಕು ನಿಂತಿತು. ಖರ್ಚನ್ನು ಪಡೆಯಲೇ ಕೂಡದೆಂದರೆ ಪ್ರಾಮಾಣಿಕ ಸಂಸ್ಥೆಗಳು ಮುಚ್ಚಿಹೋಗುತ್ತವೆ. ಇಷ್ಟಬಂದಷ್ಟು ಪಡೆಯಿರೆಂದರೆ ಅದು ವ್ಯಾಪಾರವಾಗುತ್ತದೆ. ನ್ಯಾಯಾಲಯವು ಮಗುವಿನ ಪೋಷಣೆಗೆ ದಿನಕ್ಕೆ ೬೦ ರೂಪಾಯಿಗೆ ಮೀರದಂತೆ ಮಿತಿಯನ್ನು ಹಾಕಿತು.

ಮಿತಿಯನ್ನು ಹಾಕುವುದು ಸುಲಭ, ಕಾಯುವುದು ಕಷ್ಟ. ೧೯೯೯ರಲ್ಲಿ, ಮತ್ತೆ ೨೦೦೧ರಲ್ಲಿ, ಹೈದರಾಬಾದಿನ ಸಂಸ್ಥೆಗಳಿಗೆ ಲಂಬಾಣಿ ತಾಂಡಾಗಳಿಂದ ಹೆಣ್ಣುಕೂಸುಗಳನ್ನು ದಲ್ಲಾಳಿಗಳು ತಂದೊಪ್ಪಿಸುತ್ತಿದ್ದ ಸಂಗತಿಯು ಬಯಲಿಗೆ ಬಂದಿತು. ತಾಯಿಯ ಕೈಗೆ ಬಿದ್ದದ್ದು ಕೆಲವು ನೂರು, ಹೆಚ್ಚೆಂದರೆ ಕೆಲವು ಸಾವಿರ ರೂಪಾಯಿ; ವಿದೇಶದ ದಂಪತಿಗಳು ತೆತ್ತದ್ದು ಸಾವಿರಾರು ಡಾಲರು. ನಡುವಣ ಹಣವು ಯಾವ ಬಾಬಿಗೆ ಸಂದಿತೆಂಬುದು ತಾಯಿಗೂ ತಿಳಿಯಲಿಲ್ಲ, ಆ ದಂಪತಿಗಳಿಗೂ ತಿಳಿಯಲಿಲ್ಲ. ೨೦೦೧ರ ಏಪ್ರಿಲಿನಲ್ಲಿ ಅಂದಿನ ಆಂಧ್ರ ಸರಕಾರವು, ಬಡತನದ ಕಾರಣಕ್ಕಾಗಲಿ ಹೆಣ್ಣೆಂಬ ಕಾರಣಕ್ಕಾಗಲಿ ಮಗುವನ್ನು ಸಂಸ್ಥೆಗೆ ಒಪ್ಪಿಸುವುದನ್ನೇ ನಿಷೇಧಿಸಿತು. ಕೂಡ್ಲಿಗಿ, ಹರಪನಹಳ್ಳಿ, ಹಡಗಲಿಗಳಲ್ಲಿಯೂ ಅಂಥ ತಾಂಡಾಗಳು ಅನೇಕವಿವೆ. ಮಳೆ ಕೈಕೊಟ್ಟ ವರ್ಷ ಕಬ್ಬು ಕಡಿಯಲು ಗುಳೆ ಹೋಗುವ ಕುಟುಂಬಗಳೂ ಇವೆ. ಬಸುರಿ ಹೆಂಗಸು ಪರವೂರಿನ ಗದ್ದೆಯ ಬದಿಯಲ್ಲಿ ಗುಡಿಸಲು ಹಾಕಿಕೊಂಡಿರುವಾಗ, ನಾಲ್ಕನೆಯದೂ ಹೆಣ್ಣಾದಾಗ, ಕರುಣೆಯ ಮಾತಾಡುತ್ತ ಬರುವವನು ಎಂಥವನೆಂದು ಅವಳು ಹೇಗೆ ತಿಳಿದಾಳು?

ಪುಣೆಯ ಪ್ರೀತ್ ಮಂದಿರವೆಂಬ ಸಂಸ್ಥೆಯ ಮೇಲೆಯೂ ನಿಯಮಕ್ಕೆ ಮೀರಿದ ಹಣವನ್ನು ದೇಣಿಗೆಯೆಂದು ವಸೂಲು ಮಾಡಿದ ಆರೋಪ ಬಂದು, ಮುಂಬಯಿ ಉಚ್ಚ ನ್ಯಾಯಾಲಯದ ಆಜ್ಞೆಯಂತೆ ಸಿ.ಬಿ.ಐ. ತನಿಖೆ ನಡೆದು, ೨೦೧೦ರಲ್ಲಿ ದೋಷಾರೋಪಪಟ್ಟಿ ಸಲ್ಲಿಕೆಯಾಯಿತು.

ಇಷ್ಟೆಲ್ಲ ಆದಮೇಲೆ ವ್ಯವಸ್ಥೆಯು ಬಹಳವಾಗಿ ಬದಲಾಗಿದೆ. ಅನಾಥ, ಪರಿತ್ಯಕ್ತ ಅಥವಾ ಹೆತ್ತವರು ಒಪ್ಪಿಸಿದ ಮಗುವನ್ನು ಪಡೆಯಬೇಕಾದರೆ ಕೇಂದ್ರ ದತ್ತು ಪ್ರಾಧಿಕಾರವಾದ ‘ಕಾರಾ’ದಲ್ಲಿ ಹೆಸರು ನೋಂದಾಯಿಸಿ ಸರದಿಯಲ್ಲಿ ಕಾಯಬೇಕು. ಇದು ಎಲ್ಲ ಮತಧರ್ಮದವರಿಗೂ ತೆರೆದ ಹಾದಿ. ೨೦೧೭ರ ನಿಯಮಾವಳಿಯು ಶುಲ್ಕವನ್ನು ಪೈಸೆಪೈಸೆಯಾಗಿ ಬರೆದಿಟ್ಟಿತು: ಮನೆಯ ಸ್ಥಿತಿಗತಿಯ ವರದಿಗೆ ೬,೦೦೦ ರೂಪಾಯಿ, ಮಗುವಿನ ಪಾಲನೆಯ ನಿಧಿಗೆ ೪೦,೦೦೦, ಆಮೇಲೆ ಎರಡು ವರ್ಷಗಳಲ್ಲಿ ನಾಲ್ಕು ಸಲ ಬಂದು ನೋಡುವುದಕ್ಕೆ ಸಲಕ್ಕೆ ೨,೦೦೦. ೨೦೨೨ರಲ್ಲಿ ಅದರ ಸ್ಥಾನದಲ್ಲಿ ಹೊಸ ನಿಯಮಾವಳಿ ಬಂದಿದೆಯಾದರೂ ದರವನ್ನು ಮುಂಚಿತವಾಗಿ ಪ್ರಕಟಿಸುವ ಪದ್ಧತಿ ಬದಲಾಗಿಲ್ಲ. ಇದಲ್ಲದೆ, ಮಗುವನ್ನು ಪಡೆಯಬಂದವರಿಂದ ಸಂಸ್ಥೆಯು ದೇಣಿಗೆಯನ್ನು ಸ್ವೀಕರಿಸಕೂಡದು. ೨೦೨೨ರ ಸೆಪ್ಟೆಂಬರಿನಿಂದ ದತ್ತಕದ ಆಜ್ಞೆಯನ್ನು ಹೊರಡಿಸುವ ಅಧಿಕಾರವು ನ್ಯಾಯಾಲಯದಿಂದ ಜಿಲ್ಲಾ ದಂಡಾಧಿಕಾರಿಗಳಿಗೆ ಬಂದಿದೆ. ಹಿಂದೆ ಬಳ್ಳಾರಿಯವರೆಗೆ ಅಲೆಯಬೇಕಾಗಿದ್ದ ಕೊಟ್ಟೂರಿನ ದಂಪತಿಗಳಿಗೆ, ೨೦೨೧ರಲ್ಲಿ ಹೊಸ ಜಿಲ್ಲೆಯಾದ ಮೇಲೆ, ಹೊಸಪೇಟೆಯಲ್ಲಿಯೇ ಕೆಲಸವಾಗುವಂತಾಗಿದೆ.

ಹಾಗಾದರೆ ದಲ್ಲಾಳಿಗೆ ಎಡೆಯೆಲ್ಲಿ? ಸರದಿಯಲ್ಲಿಯೇ ಇದೆ. ಕಾಯುತ್ತಿರುವವರು ಮೂವತ್ತು ಸಾವಿರಕ್ಕೂ ಮೇಲ್ಪಟ್ಟು. ೨೦೨೪-೨೫ರಲ್ಲಿ ದತ್ತು ಹೋದ ಮಕ್ಕಳು ನಾಲ್ಕೂವರೆ ಸಾವಿರದಷ್ಟು. ಎಳೆಗೂಸೇ ಬೇಕೆನ್ನುವವರು ಮೂರು ವರ್ಷಕ್ಕೂ ಹೆಚ್ಚಾಗಿ ಕಾದಿರುವುದುಂಟು. ನಾಲ್ವತ್ತನ್ನು ಸಮೀಪಿಸಿದ ದಂಪತಿಗಳಿಗೆ ಆ ಮೂರು ವರ್ಷ ಎಷ್ಟು ದೀರ್ಘವೆಂಬುದನ್ನು ಬೇರೆಯವರು ಹೇಳಬಾರದು. ‘ಕಾಗದಪತ್ರವೆಲ್ಲ ನಮಗೆ ಬಿಡಿ’ ಎಂಬ ಮಾತು ಅವರ ಕಿವಿಗೆ ಹಿತವಾಗಿ ಬೀಳುತ್ತದೆ. ೨೦೧೬ರಲ್ಲಿ ಮೈಸೂರಿನಲ್ಲಿ, ೨೦೨೩ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ಪೋಲೀಸರು ಭೇದಿಸಿದ ಶಿಶುಮಾರಾಟದ ಜಾಲಗಳು ಬೆಳೆದದ್ದು ಇಂಥ ಕಾತರದ ಮೇಲೆಯೇ. ಬೆಂಗಳೂರಿನ ಪ್ರಕರಣದಲ್ಲಿ ಒಂದೊಂದು ಕೂಸಿಗೆ ಲಕ್ಷಗಟ್ಟಲೆ ಬೆಲೆಯಿತ್ತು. ಗಂಡಿಗೆ ಹೆಚ್ಚು, ಹೆಣ್ಣಿಗೆ ಕಡಮೆ. ಹಂಪೆಯ ರಾಘವಾಂಕನ ಹರಿಶ್ಚಂದ್ರನು ಕಾಶಿಯಲ್ಲಿ ಮಡದಿಯನ್ನೂ ಮಗನನ್ನೂ ಮಾರಿದನಾದರೂ ಬೀದಿಯಲ್ಲಿ ನಿಂತು ನಾಲ್ಕು ಜನರೆದುರು ಮಾರಿದನು.

ನೆರೆಯ ಕೊಪ್ಪಳ ಜಿಲ್ಲೆಯ ಒಂದು ಮೊಕದ್ದಮೆ ಇಲ್ಲಿ ಸ್ಮರಣೀಯ. ಅವಳಿ ಹೆಣ್ಣುಮಕ್ಕಳನ್ನು ಹೆತ್ತ ದಂಪತಿಗಳು ಒಂದು ಕೂಸನ್ನು ಮಕ್ಕಳಿಲ್ಲದ ಮತ್ತೊಬ್ಬ ದಂಪತಿಗಳಿಗೆ ಛಾಪಾಕಾಗದದ ಮೇಲೆ ಬರೆದುಕೊಟ್ಟರು. ನಿಯಮ ಪಾಲಿಸಲಿಲ್ಲವೆಂದು ನಾಲ್ವರ ಮೇಲೂ ಬಾಲನ್ಯಾಯ ಕಾಯಿದೆಯ ಎಂಬತ್ತನೆಯ ಪ್ರಕರಣದಂತೆ ಖಟ್ಲೆ ನಡೆಯಿತು. ೨೦೨೨ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ಧಾರವಾಡ ಪೀಠವು ಅದನ್ನು ರದ್ದುಗೊಳಿಸಿತು. ಆ ಕೂಸು ಅನಾಥವೂ ಅಲ್ಲ, ಪರಿತ್ಯಕ್ತವೂ ಅಲ್ಲ, ಸಂಸ್ಥೆಗೆ ಒಪ್ಪಿಸಿದ್ದೂ ಅಲ್ಲವಾದುದರಿಂದ ಆ ಪ್ರಕರಣ ಅನ್ವಯಿಸದೆಂದಿತು. ತೀರ್ಪು ಸರಿಯೇ. ಆದರೆ ಇದರಿಂದ ಯಾವ ಕಾಗದವೂ ಸಾಕೆಂದು ಭ್ರಮಿಸಿದರೆ ಕೆಟ್ಟಂತೆಯೇ. ಅದೇ ಕಾಯಿದೆಯ ಎಂಬತ್ತೊಂದನೆಯ ಪ್ರಕರಣವು ಮಗುವನ್ನು ಮಾರಿದವರಿಗೂ ಕೊಂಡವರಿಗೂ ಐದು ವರ್ಷದವರೆಗೆ ಕಠಿಣ ಸಜೆಯನ್ನು ಇಟ್ಟಿದೆ. ಆಸ್ಪತ್ರೆಯ ಸಿಬ್ಬಂದಿಯಾದರೆ ಮೂರಕ್ಕೆ ಕಡಮೆಯಿಲ್ಲದೆ ಏಳು ವರ್ಷದವರೆಗೆ. ಹೀಗಾಗಿ ಬಂಧುವಿನ ಕೈಯಿಂದ ಬಂದರೂ, ಅಪರಿಚಿತೆಯ ಮಡಿಲಿಂದ ಬಂದರೂ, ಕೊನೆಗೆ ಉಳಿಯುವ ಪ್ರಶ್ನೆ ಒಂದೇ: ಹಣ ಕೈಬದಲಾಯಿಸಿತೇ? ಬದಲಾಯಿಸಿದ್ದರೆ ಯಾರಿಗೆ, ಯಾತಕ್ಕೆ, ರಸೀದಿಯೆಲ್ಲಿ?

ರಸೀದಿಯ ಮಾತು ಕೇವಲ ದುಡ್ಡಿನ ಮಾತೆಂದು ಕಾಣಬಹುದು. ಅದರ ಬೆನ್ನಿಗೆ ಬೇರೆ ಎರಡು ಸಂಗತಿಗಳಿವೆ. ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಮಗುವನ್ನು ಒಪ್ಪಿಸಿದ ತಾಯಿಗೆ ಮನಸ್ಸು ಬದಲಾಯಿಸಲು ಕಾನೂನು ಎರಡು ತಿಂಗಳ ಅವಧಿಯನ್ನು ಕೊಟ್ಟಿದೆ. ಆ ಅವಧಿಯಲ್ಲಿ ಅವಳು ಬಂದು ಕೇಳಿದರೆ ಕೂಸನ್ನು ಮರಳಿ ಪಡೆಯಬಹುದು. ದಲ್ಲಾಳಿಯ ವ್ಯವಹಾರದಲ್ಲಿ ಎರಡು ದಿನವೂ ಇಲ್ಲ. ಹೆರಿಗೆಯ ಹಾಸಿಗೆಯಿಂದಲೇ ಕೂಸು ಸಾಗುತ್ತದೆ.

ಎರಡನೆಯದು ಮಗುವಿಗೆ ಸಂಬಂಧಿಸಿದ್ದು. ವಿಧಿಬದ್ಧವಾಗಿ ದತ್ತು ಹೋದವರು ಹದಿನೆಂಟು ತುಂಬಿದ ಬಳಿಕ ತಾವಾಗಿಯೇ ತಮ್ಮ ಮೂಲವನ್ನು ಕುರಿತು ಅರ್ಜಿ ಸಲ್ಲಿಸಬಹುದು. ತಾಯಿಯ ಗುಟ್ಟನ್ನು ಕಾಯ್ದುಕೊಂಡೇ ಸಂಸ್ಥೆಯು ತನ್ನ ಕಡತದಿಂದ ಉತ್ತರ ಕೊಡಬೇಕು. ಕ್ರೀತಶಿಶುವಿಗಾದರೆ ಕೊಂಡವಳನ್ನೇ ಹೆತ್ತವಳೆಂದು ಬರೆದ ಸುಳ್ಳು ಜನನಪತ್ರವೊಂದಿರುತ್ತದೆ. ಮುಂದೆಂದಾದರೂ ಅವನು ‘ನನ್ನ ತಾಯಿ ಯಾವ ಊರಿನವಳು?’ ಎಂದು ಕೇಳಿದರೆ, ಸಾಕಿದವರು ಬಾಯಿ ಬಿಡಲೊಪ್ಪಿದರೂ ಅವರಿಗೇ ಅದು ಗೊತ್ತಿರುವುದಿಲ್ಲ. ತೆರೆದು ನೋಡಲು ಯಾವ ಕಚೇರಿಯಲ್ಲಿಯೂ ಕಡತವಿರುವುದಿಲ್ಲ.