ಡಾರ್ಜಿಲಿಂಗಿನ ಉಗಿಬಂಡಿಗಳು

ಸಿಲಿಗುರಿಯ ಬಯಲಿನಿಂದ ಹಿಮಾಲಯದ ಮಡಿಲಲ್ಲಿರುವ ಡಾರ್ಜಿಲಿಂಗಿಗೆ ಏರಿಹೋಗುವ ರೈಲುಮಾರ್ಗವು 1881ರಲ್ಲಿ ಪೂರ್ಣಗೊಂಡಿತು. ಅದರ ಹಳಿಗಳ ನಡುವಣ ಅಂತರ ಕೇವಲ 2 ಅಡಿ. ಮೊದಲೇ ಇದ್ದ ಗಾಡಿರಸ್ತೆಯ ಅಂಚನ್ನು ಹಿಡಿದು, ಪರ್ವತದ ಒಂದೊಂದು ತಿರುವಿನಲ್ಲಿಯೂ ಬಳುಕಿ ಸಾಗಬೇಕಾದ ಬಂಡಿಗೆ ವಿಶಾಲವಾದ ಹಳಿ ಒಗ್ಗುವಂತಿರಲಿಲ್ಲ.

ನೀಲಗಿರಿಯ ರೈಲಿಗಿರುವಂತೆ ಹಲ್ಲುಹಳಿಯ ಆಸರೆ ಇಲ್ಲಿಲ್ಲವಾದ್ದರಿಂದ, ನುಣುಪಾದ ಉಕ್ಕಿನ ಮೇಲೆ ಚಕ್ರಕ್ಕಿರುವ ಹಿಡಿತವೊಂದನ್ನೇ ನಂಬಿ ಬಂಡಿ 2,258 ಮೀಟರ್ ಎತ್ತರದ ಘೂಮ್ ನಿಲ್ದಾಣವನ್ನು ಮುಟ್ಟಬೇಕು. ದಾರಿಯಲ್ಲಿ ಇಳಿಜಾರು ತೀರ ಕಡಿದಾದೆಡೆ ಬಂಡಿ ಮುಂದೆ ಹೋಗಿ ನಿಲ್ಲುತ್ತದೆ. ಹಳಿಯ ದಿಕ್ಕನ್ನು ಬದಲಿಸಿದ ಬಳಿಕ ಹಿಮ್ಮುಖವಾಗಿ ಮೇಲೇರುತ್ತದೆ. ಪುನಃ ದಿಕ್ಕು ಬದಲಿಸಿ, ತಾನು ಬಂದ ದಾರಿಯನ್ನೇ ಕೆಳಗೆ ಕಾಣುತ್ತ ಮುಂದುವರಿಯುತ್ತದೆ.

ಈ ಶ್ರಮಕ್ಕೆಂದೇ ರೂಪುಗೊಂಡದ್ದು 'ಬಿ' ವರ್ಗದ ಎಂಜಿನ್ನು. 1889ರಲ್ಲಿ ಶಾರ್ಪ್ ಸ್ಟುವರ್ಟ್ ಕಂಪನಿಯು ಇದರ ನಿರ್ಮಾಣವನ್ನು ಆರಂಭಿಸಿತು. ಅನಂತರ ಕೆಲವು ಎಂಜಿನ್ನುಗಳು ಇದೇ ಮಾರ್ಗದ ತಿಂಧಾರಿಯಾ ಕಾರ್ಖಾನೆಯಲ್ಲಿಯೂ ತಯಾರಾದವು. ನಾಲ್ಕೇ ಚಕ್ರಗಳು, ಕುದುರೆಯ ಬೆನ್ನಿಗೆ ಜೀನು ಹಾಸಿದಂತೆ ಬಾಯ್ಲರಿನ ಮೇಲೆ ನೀರಿನ ತೊಟ್ಟಿ. ಎಂಜಿನ್ನಿನ ಸಮಸ್ತ ಭಾರವೂ ಆ ಚಕ್ರಗಳ ಮೇಲೆಯೇ ಬೀಳುವುದರಿಂದ ಹಿಡಿತ ಬಲವಾಗುತ್ತದೆ. ಆದರೂ ಮಂಜಿನಿಂದ ಹಳಿ ತೇವಗೊಂಡಾಗ ಚಕ್ರ ಜಾರದೆ ಬಿಡದು. ಆಗ ಎಂಜಿನ್ನಿನ ಮುಂಭಾಗದ ಅಡ್ಡತೊಲೆಯ ಮೇಲೆ ಕುಳಿತಿರುವ ಆಳುಗಳು ಹಳಿಗಳ ಮೇಲೆ ಹಿಡಿಹಿಡಿಯಾಗಿ ಮರಳನ್ನು ಚೆಲ್ಲುತ್ತಾರೆ. ಮೇಲೆ ಕಲ್ಲಿದ್ದಲ ರಾಶಿಯ ಮೇಲೆ ಕುಳಿತ ಮತ್ತೊಬ್ಬನು ಸುತ್ತಿಗೆಯಿಂದ ಗಟ್ಟಿಗಳನ್ನು ಒಡೆದು ಫೈರ್‌ಮನ್ನನಿಗೆ ಒದಗಿಸುತ್ತಾನೆ. ಡ್ರೈವರನ ಜಾಣ್ಮೆಯನ್ನು ನಾವು ಸಹಜವಾಗಿ ಹೊಗಳುತ್ತೇವೆ. ಇವರ ಪರಿಶ್ರಮವನ್ನು ಗಮನಿಸುವವರು ವಿರಳ.

1999ರಲ್ಲಿ ಯುನೆಸ್ಕೋ ಈ ಮಾರ್ಗವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಇಂದು ಪೂರ್ಣ ಮಾರ್ಗದ ಸಂಚಾರಕ್ಕೆ ಡೀಸೆಲ್ ಎಂಜಿನ್ನುಗಳಿದ್ದು, ಉಗಿಯ ಎಂಜಿನ್ನುಗಳು ಮುಖ್ಯವಾಗಿ ಡಾರ್ಜಿಲಿಂಗ್ ಮತ್ತು ಘೂಮ್‌ಗಳ ನಡುವಣ ವಿಹಾರಯಾನಕ್ಕೆ ಮೀಸಲಾಗಿವೆ. ವಸ್ತುಸಂಗ್ರಹಾಲಯದಲ್ಲಿ ನಿಲ್ಲಿಸಿದರೆ ಎಂಜಿನ್ನಿನ ಕಬ್ಬಿಣವೇನೋ ಉಳಿದೀತು. ಉಗಿಯ ಒತ್ತಡವನ್ನು ಕಣ್ಣಲ್ಲೇ ಅಳೆಯುವ, ಹಳಿಯ ಜಾರುವಿಕೆಯನ್ನು ಸದ್ದಿನಿಂದಲೇ ಅರಿಯುವ ಕೌಶಲ ಉಳಿಯಬೇಕಾದರೆ ಬಂಡಿ ಓಡುತ್ತಿರಲೇಬೇಕು. ಡಾರ್ಜಿಲಿಂಗಿಗೆ ಪ್ರವಾಸ ಹೊರಡುವ ಓದುಗರು ದಯಮಾಡಿ ಉಗಿಬಂಡಿಗೇ ಟಿಕೇಟು ಕೊಳ್ಳಲಿ. ಹತ್ತುವ ಮುನ್ನ ಎಂಜಿನ್ನಿನ ಬಳಿಗೆ ಹೋಗಿ, ಅಲ್ಲಿ ದುಡಿಯುತ್ತಿರುವವರನ್ನು ಮಾತನಾಡಿಸಲಿ.